ನಿಮಿಷಕ್ಕೆ ಎಂಟು ಪಾವು

ನಮ್ಮಣ್ಣ ಐವತ್ತು ವರ್ಷ ಬಾಯಿಂದ ಬೆಂಕಿ ಊದಿದವನು. ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಅಕ್ಕಸಾಲೆ. ಸೀಮೆಎಣ್ಣೆ ದೀಪದ ಕುಡಿಗೆ ಹಿತ್ತಾಳೆಯ ಊದುಗೊಳವೆ ಹಿಡಿದು ಊದಿದರೆ ಆ ಕುಡಿ ಸೂಜಿಯಂತಾಗಿ ಒಡವೆಯ ಮೇಲೆ ಬಾಗಬೇಕು. ಮೂಗಿನಲ್ಲಿ ಉಸಿರೆಳೆದುಕೊಳ್ಳುತ್ತಲೇ ಕೆನ್ನೆಯಿಂದ ಗಾಳಿ ಬಿಡುತ್ತಿರಬೇಕು. ನಡುವೆ ಕಡಿದರೆ ಬೆಸುಗೆ ಅರ್ಧ ಕರಗಿ ಮುನಿಸಿಕೊಂಡು ಕೂತುಬಿಡುತ್ತದೆ. ಅಪ್ಪ ಅವನಿಗೆ ಇದನ್ನು ಕಲಿಸಿದ್ದು ನೀರಿನ ಚೊಂಬಿನಲ್ಲಿ ಕೊಳವೆ ಅದ್ದಿಸಿ: ನೂರು ಎಣಿಸುವವರೆಗೆ ಗುಳ್ಳೆ ನಿಲ್ಲಬಾರದು. ನಿಂತರೆ ತಲೆಗೊಂದು ಮೊಟಕು.

ಅರವತ್ತು ದಾಟಿದ ಮೇಲೆ ಅವನಿಗೆ ಇಪ್ಪತ್ತು ಎಣಿಸುವುದೂ ಕಷ್ಟವಾಯಿತು. ಊದಿದರೆ ಕೆಮ್ಮು, ಕೆಮ್ಮಿದರೆ ಕಣ್ಣಲ್ಲಿ ನೀರು. ಎದೆಯ ಡಾಕ್ಟರು ಫೋಟೋ ಬೆಳಕಿಗೆ ಹಿಡಿದು ನೋಡಿ ಹೇಳಿದರು. "ಹೊಗೆ ಬಿಡಿ, ಊದೋದು ಬಿಡಿ. ಬಿಟ್ರೆ ಇರೋ ಉಸಿರು ಉಳಿಯುತ್ತೆ. ಇಲ್ಲಾಂದ್ರೆ ಮಂಚದ ಪಕ್ಕ ಸಿಲಿಂಡರ್ ಇಟ್ಕೊಂಡು ಮಲಗ್ಬೇಕಾಗುತ್ತೆ."

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅಣ್ಣ ಅಂದ: "ಅಕ್ಕಸಾಲಿಗೆ ಊದಬೇಡ ಅಂದ್ರೆ ಉಣ್ಣಬೇಡ ಅಂದ ಹಾಗೆ ಕಣೇ."

ಅಡುಗೆ ಗ್ಯಾಸಿನ ಟಾರ್ಚು ತಂದು ನೋಡಿದ್ದಾಯಿತು. ಆ ಉರಿ ಮೊಂಡು. ಮೂಗುತಿಯ ಹರಳಿನ ಕಟ್ಟು ಬೆಸೆಯಲು ಹೋದರೆ ಪಕ್ಕದ ಹರಳೂ ಸಿಡಿಯುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಅದರ ವಾಸನೆಗೇ ಕೆಮ್ಮು ಬರುತ್ತಿತ್ತು. ಹದಿನೈದು ದಿನ ಅವನು ಮೊಣಕಾಲೆತ್ತರದ ಕೆಲಸದ ಮಣೆಯ ಮುಂದೆ ಕೂತು ಬರಿದೇ ಚಿಮಟ ಒರೆಸಿದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದರು.

ಆಗ ನಾನು ತಲೆ ಹಾಕಿದೆ. ಮೂವತ್ತು ವರ್ಷ ಬಸವನಗುಡಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಸಿಸ್ಟೆಂಟಾಗಿದ್ದವಳು ನಾನು. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ಅಣ್ಣನ ಮನೆಯ ಮಹಡಿಯ ಕೋಣೆಯೇ ನನ್ನ ಗೂಡು. ವರ್ಷ ವರ್ಷವೂ ಹುಡುಗಿಯರಿಗೆ ತೋರಿಸುತ್ತಿದ್ದ ಆಟ ಒಂದಿತ್ತು: ನೀರಿಗೆ ಕರೆಂಟು ಹಾಯಿಸಿ ಒಡೆಯುವುದು, ಒಂದು ತಂತಿಯಲ್ಲಿ ಹೈಡ್ರೋಜನ್ನು, ಇನ್ನೊಂದರಲ್ಲಿ ಆಮ್ಲಜನಕ. ಎರಡೂ ಬೆರೆತದ್ದಕ್ಕೆ ಕಡ್ಡಿ ಗೀರಿದರೆ "ಟಪ್" ಅನ್ನುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಉರಿದು ಮತ್ತೆ ನೀರೇ ಆಗುವ ಬೆಂಕಿ. ಒಡವೆ ಬೆಸೆಯಲು ಇಂಥದ್ದೇ ಮೆಷಿನ್ನು ಪೇಟೆಯಲ್ಲಿ ರೆಡಿ ಸಿಗುತ್ತದೆಂದು ನನಗೆ ಗೊತ್ತಿತ್ತು. "ಅದನ್ನೇನು ಕೊಳ್ಳೋದು, ನಾನೇ ಮಾಡ್ತೀನಿ" ಅಂದೆ. ಜಂಬ ಅಂತಲೇ ಅನ್ನಿ.

ಓಕಳಿಪುರಂನ ಒಂದು ಶೆಡ್ಡಿನಲ್ಲಿ ಸ್ಟೀಲ್ ತಗಡನ್ನು ಅಂಗೈಯಗಲ ಕತ್ತರಿಸಿಕೊಂಡು ಬಂದೆ. ಏಳು ತಗಡು, ನಡುವೆ ರಬ್ಬರಿನ ಅಂಚು. ಆರು ಸಂದು. ಸಂದುಗಳಲ್ಲಿ ಕ್ಷಾರ ಬೆರೆಸಿದ ನೀರು. ಹಳೆಯ ಯುಪಿಎಸ್ಸಿನ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು. ಈ ಡಬ್ಬದಿಂದ ಹೊರಟ, ಎರಡೂ ಬೆರೆತ ಗಾಳಿ ನೇರ ಟಾರ್ಚಿಗೆ ಹೋಗುವುದಿಲ್ಲ. ದಾರಿಯಲ್ಲಿ ನೀರು ತುಂಬಿದ ಒಂದು ಸೀಸೆಯೊಳಗೆ ಮುಳುಗಿ, ಗುಳುಗುಳು ಎಂದು ಮೇಲೆದ್ದು ಹೋಗಬೇಕು. ಬೆಂಕಿ ಎಂದಾದರೂ ಕೊಳವೆಯೊಳಗೆ ಹಿಂದಕ್ಕೆ ಓಡಿ ಬಂದರೆ ಆ ನೀರು ಅಲ್ಲೇ ನುಂಗಿಬಿಡುತ್ತದೆ. ಆ ಸೀಸೆಯೇ ಇಡೀ ಯಂತ್ರದ ಕಾವಲುಗಾರ.

ಮೊದಲ ದಿನ ಉರಿ ಹತ್ತಿದಾಗ ಅದು ಇದೆಯೋ ಇಲ್ಲವೋ ತಿಳಿಯದಷ್ಟು ತೆಳ್ಳಗಿತ್ತು. ಅಣ್ಣ ಒಂದು ಓಲೆಯ ತಿರುಪಿಗೆ ಬಿಳಿಗಾರ ಹಚ್ಚಿ ಬೆಸುಗೆಯ ಚೂರಿಟ್ಟು ಉರಿ ತೋರಿಸಿದ. ಚೂರು ಕಣ್ಣು ಮಿಟುಕಿಸಿದ ಹಾಗೆ ಹರಿದು ಕೂತಿತು. ಅವನು ಬಾಯಿ ಮುಚ್ಚಿಕೊಂಡಿದ್ದ. ಕೆಮ್ಮಲಿಲ್ಲ.

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ. ನೀನು ತಂಗಿ, ಬಚಾವಾದೆ," ಅಂದ.

"ತಂಗಿ ಹತ್ರ ಚಿನ್ನ ಎಲ್ಲಿದೆ? ಇರೋ ಒಂದು ಸರಾನೂ ಮಾಡಿದ್ದು ನೀನೇ. ಅದರಲ್ಲಿ ಎಷ್ಟು ತಾಮ್ರ ಇದೆಯೋ ದೇವರಿಗೇ ಗೊತ್ತು."

ಅತ್ತಿಗೆ ಅಡುಗೆಮನೆಯಿಂದಲೇ, "ದೇವರಿಗ್ಯಾಕೆ, ನಂಗೂ ಗೊತ್ತು" ಅಂದರು.

ಆ ಮನೆಯಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು.

ಈಗ ಈ ಯಂತ್ರದ ಸ್ವಭಾವ ಹೇಳಬೇಕು, ಆಮೇಲಿನದೆಲ್ಲ ಅದರಿಂದಲೇ ಆದದ್ದು. ಒಂದೊಂದು ಸಂದಿಗೆ ಎರಡು ವೋಲ್ಟು ಕೊಟ್ಟರೆ ಅದು ತಣ್ಣಗೆ ಕೂತು ಕೆಲಸ ಮಾಡುತ್ತದೆ. ಕೊಟ್ಟ ಕರೆಂಟಿನ ಬಹುಪಾಲು ಗಾಳಿಯಾಗುತ್ತದೆ. ಹೆಚ್ಚು ಗಾಳಿ ಬೇಕೆಂದು ಕರೆಂಟು ಏರಿಸಿದಿರೋ, ಗಾಳಿ ಹೆಚ್ಚುತ್ತದೆ ನಿಜ, ಆದರೆ ಏರಿಸಿದ್ದರಲ್ಲಿ ಬಿಸಿಗೆ ಹೋಗುವ ಪಾಲು ಅದಕ್ಕಿಂತ ಬೇಗ ಹೆಚ್ಚುತ್ತದೆ. ಕ್ಷಾರ ಕಾದು ನೊರೆಯೇಳುತ್ತದೆ, ಆವಿ ಸೇರಿ ಉರಿ ಉಗುಳುತ್ತದೆ. ಗಾಳಿ ಎಷ್ಟು ಬರುತ್ತಿದೆಯೆಂದು ನಾನು ಅಳೆಯುತ್ತಿದ್ದದ್ದು ಅಕ್ಕಿ ಅಳೆಯುವ ಪಾವಿನಲ್ಲಿ. ಬಕೆಟ್ಟಿನ ನೀರಿನಲ್ಲಿ ಪಾವನ್ನು ಬೋರಲು ಮುಳುಗಿಸಿ ಕೊಳವೆಯ ತುದಿ ಒಳಗಿಟ್ಟರೆ ಗಾಳಿ ನೀರನ್ನು ತಳ್ಳಿ ತುಂಬುತ್ತದೆ. ತಣ್ಣಗಿದ್ದಾಗ ನಿಮಿಷಕ್ಕೆ ಎರಡೂವರೆ ಪಾವು. ಓಲೆ, ಮೂಗುತಿ, ಕಾಲುಂಗುರಕ್ಕೆ ಧಾರಾಳವಾಗಿ ಸಾಕು.

ಹೀಗೇ ಒಂದು ವರ್ಷ ನಡೆಯಿತು. ಬಹಳ ಒಳ್ಳೆಯ ವರ್ಷ. ಅಣ್ಣನ ಮುಖಕ್ಕೆ ರಕ್ತ ಬಂತು. ಸೀಸೆ ಅವನ ಮಣೆಯ ಮೇಲೇ ಕಣ್ಣೆದುರಿಗಿರುತ್ತಿತ್ತು. ಗುಳ್ಳೆ ನೋಡುತ್ತಾ ಕೆಲಸ ಮಾಡುವುದು ಅವನಿಗೆ ರೂಢಿಯಾಯಿತು.

ಆಮೇಲೆ ಬೆಳ್ಳಿಯ ಮುಖವಾಡ ಬಂತು. ಆನೇಕಲ್ ಕಡೆಯ ಊರಿನ ಒಕ್ಕಲು ಮನೆತನ, ಈಗ ಸಂಪಿಗೆ ರಸ್ತೆಯಲ್ಲಿ ಎರಡು ಅಂಗಡಿ ಮಾಡಿಕೊಂಡವರು. ಮನೆದೇವರಿಗೆ ಮುಖವಾಡ ಮಾಡಿಸುವ ಹರಕೆ ಹೊತ್ತಿದ್ದರು. ಯಜಮಾನರು ಕೋಣೆಯೊಳಗೆ ಬಂದು ಅಣ್ಣನ ಸಣ್ಣ ಉರಿ ನೋಡಿ, "ಸ್ವಾಮಿ, ಇದ್ರಲ್ಲಿ ಬೀಡಿ ಹತ್ಸಬೌದು. ದೇವ್ರ ಮುಖ ಆಯ್ತದಾ?" ಅಂದರು.

ಮಾತು ಅಣ್ಣನಿಗೆ ಚುಚ್ಚಿತು. ಅವರು ಹೇಳಿದ್ದು ಸುಳ್ಳೂ ಅಲ್ಲ. ಬೆಳ್ಳಿ ಶಾಖವನ್ನು ನಿಂತಲ್ಲಿ ನಿಲ್ಲಗೊಡುವುದಿಲ್ಲ. ಒಂದು ಕಡೆ ಕಾಯಿಸಿದರೆ ಎಲ್ಲ ಕಡೆಗೆ ಹಂಚಿ ತಣ್ಣಗಾಗುತ್ತದೆ. ಅಗಲ ತಗಡಿಗೆ ಮೂಗು, ಹುಬ್ಬು ಬೆಸೆಯಬೇಕಾದರೆ ಇಡೀ ಮುಖವೇ ಕೆಂಪಗಾಗಬೇಕು. ನಾನಂದೆ: "ಮುಖ ನೀನು ಬಡಿದು ಕೊಡು. ಬೆಸುಗೆ ಮಾತ್ರ ಹೊರಗೆ ದೊಡ್ಡ ಮೆಷಿನ್ ಇರೋರ ಹತ್ರ ಹಾಕಿಸ್ಕೊಂಡು ಬರೋಣ."

"ನಾನು ಬಡಿದ ಮುಖ ಇನ್ನೊಬ್ಬನ ಬೆಂಕೀಲಿ ಬೇಯಲ್ಲ," ಅಂದ. "ನಿನ್ ಡಬ್ಬ ಜೋರು ಮಾಡು."

"ಜೋರು ಮಾಡಿದ್ರೆ ಬಿಸಿ ಆಗುತ್ತೆ ಅಣ್ಣ. ಕೊಟ್ಟಿದ್ದರಲ್ಲಿ ಅರ್ಧ ದಂಡ."

"ದಂಡ ಆದ್ರೆ ಆಗ್ಲಿ. ಕರೆಂಟ್ ಬಿಲ್ ನಾನು ಕಟ್ತೀನಿ. ನಂಗೆ ಉರಿ ಬೇಕು."

ನನಗೋ ದಂಡವೂ ಇಷ್ಟವಿಲ್ಲ, ಸಣ್ಣ ಉರಿಯೆಂದು ಅನ್ನಿಸಿಕೊಳ್ಳುವುದೂ ಇಷ್ಟವಿಲ್ಲ. ಲ್ಯಾಬಿನಲ್ಲಿ ಒಂದು ಬೀಕರೂ ಒಡೆಯದಂತೆ ಕೆಲಸ ಮಾಡಿದವಳು ನಾನು. ಮೂರು ವಾರ ಲೆಕ್ಕ ಹಾಕಿದೆ. ತಗಡನ್ನು ಮೊರದಷ್ಟು ಅಗಲ ಮಾಡಿ, ಏಳೇಳರ ಎರಡು ಕಟ್ಟು ಜೋಡಿಸಿ, ಕರೆಂಟನ್ನು ಎರಡಕ್ಕೂ ಹಂಚಿದೆ. ಜಾಗ ಅಗಲವಾದಷ್ಟೂ ಬಿಸಿ ಕಡಿಮೆ. ಕೈಯಿಟ್ಟರೆ ಬೆಚ್ಚಗಿದೆ ಅನ್ನಬೇಕು, ಅಷ್ಟೇ. ಅಳೆದರೆ ನಿಮಿಷಕ್ಕೆ ಎಂಟು ಪಾವು! ದಂಡವೂ ಇಲ್ಲ, ಉರಿಗೆ ಬರವೂ ಇಲ್ಲ. ಅತ್ತಿಗೆಯನ್ನೂ ಕರೆದು ಪಾವು ತುಂಬುವುದನ್ನು ತೋರಿಸಿದೆ. "ಅನ್ನಕ್ಕಿಡೋ ಅಕ್ಕಿಗಿಂತ ಜಾಸ್ತಿ ಆಯ್ತಲ್ಲೇ," ಎಂದು ಅವರು ನಕ್ಕರು.

ನಾನು ಸಂತೋಷದಲ್ಲಿ ಎರಡು ಸಂಗತಿಗಳನ್ನು ಹಗುರಾಗಿ ಕಂಡೆ. ತಗಡು ಅಗಲವಾಗಿ ಡಬ್ಬ ದೊಡ್ಡದಾದಾಗ ಅದರ ಹೊಟ್ಟೆಯೊಳಗೆ ಸುಮ್ಮನೆ ನಿಂತಿರುವ ಗಾಳಿಯೂ ಹೆಚ್ಚುತ್ತದೆ. ಹಳೆಯದರಲ್ಲಿ ಬೆಂಕಿ ಹಿಂದಕ್ಕೆ ಬಂದಿದ್ದರೆ ಒಂದು ಬಿರಡೆ ಹಾರುತ್ತಿತ್ತು, ಇದು ಬೇರೆ. ಇನ್ನೊಂದು, ಇಷ್ಟು ಗಾಳಿಗೆ ಆ ಸೀಸೆ ಸಾಲದು. ಅದರ ಬದಲು ಮಣೆಯ ಕೆಳಗೆ ಗೋಡೆಗೆ ಒರಗಿಸಿ ದಪ್ಪನೆಯ ಬೂದು ಬಣ್ಣದ ಪೈಪು ನಿಲ್ಲಿಸಿ, ಮೇಲೊಂದು ತಿರುಗಿಸುವ ಮುಚ್ಚಳ ಇಟ್ಟೆ. ಅದರೊಳಗೆ ನೀರು ಎಷ್ಟಿದೆಯೆಂದು ಹೊರಗಿನಿಂದ ಕಾಣುತ್ತಿರಲಿಲ್ಲ.

ಕಾಣದಿದ್ದರೇನು, ಅತ್ತಿಗೆಯಿದ್ದಾರಲ್ಲ. ದಿನಾ ಬೆಳಗ್ಗೆ ಮುಚ್ಚಳ ತೆಗೆದು ಒಂದು ಕಡ್ಡಿ ಅದ್ದಿ ನೋಡಿ, ಗುರುತಿನವರೆಗೆ ನೀರು ತುಂಬುವ ಕೆಲಸ ಅವರಿಗೆ ವಹಿಸಿದೆ. ಹೇಳಿಕೊಟ್ಟದ್ದು ಇಷ್ಟು: "ಅತ್ತಿಗೆ, ಆ ಡಬ್ಬ ಮಾತ್ರ ಮುಟ್ಬೇಡಿ, ಅದ್ರಲ್ಲಿರೋದು ಕ್ಷಾರ, ಕೈ ಸುಡುತ್ತೆ. ಈ ಪೈಪಲ್ಲಿ ಭಯ ಇಲ್ಲ. ಬರೀ ನೀರು."

ಅವರು ಒಂದು ದಿನವೂ ತಪ್ಪಿಸಲಿಲ್ಲ. ರಂಗೋಲಿ ಹಾಕಿ, ತುಳಸಿಗೆ ನೀರೆರೆದು, ಅದೇ ಚೊಂಬಿನಲ್ಲಿ ಪೈಪಿಗೂ ಎರೆಯುತ್ತಿದ್ದರು.

ಮುಖವಾಡದ ಹಣೆ, ಹುಬ್ಬು, ಕಿವಿ ಮುಗಿದವು. ಮೂಗೊಂದು ಉಳಿದಿತ್ತು. ಮಾರನೆಯ ದಿನ ಮಧ್ಯಾಹ್ನ ಯಜಮಾನರು ಒಯ್ಯಲು ಬರುವವರಿದ್ದರು. ಆ ರಾತ್ರಿ ಚಂದ್ರಗ್ರಹಣ.

ಗ್ರಹಣದ ಪದ್ಧತಿ ನಮ್ಮಲ್ಲಿ ಗೊತ್ತೇ ಇದೆ. ಹಿಡಿಯುವ ಮುಂಚೆ ಹಾಲು, ಮೊಸರು, ತುಪ್ಪ, ಉಪ್ಪಿನಕಾಯಿ, ಅಂದರೆ ಚೆಲ್ಲಲಾಗದ್ದಕ್ಕೆಲ್ಲ ಒಂದೊಂದು ಎಳೆ ದರ್ಭೆ ಹಾಕುತ್ತಾರೆ. ಬಿಟ್ಟ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತೊಳೆದು, ಹೊಸ ನೀರು ಹಿಡಿಯುತ್ತಾರೆ. ಅತ್ತಿಗೆ ಬೆಳಕು ಹರಿಯುವ ಮುಂಚೆ ಎದ್ದು ಹಂಡೆ, ಕೊಡ, ಬಕೆಟ್ಟುಗಳನ್ನೆಲ್ಲ ಬರಿದು ಮಾಡಿದರು. ಮಹಡಿ ಹತ್ತಿ ಬಂದು ನನ್ನ ಬಕೆಟ್ಟನ್ನೂ ಚೆಲ್ಲಿ, "ಹತ್ತು ಗಂಟೆಗೆ ನಲ್ಲಿ ಬರುತ್ತೆ, ಹಿಡಿದಿಡ್ತೀನಿ, ಅಲ್ಲೀವರ್ಗೂ ಏನೂ ಮುಟ್ಬೇಡ" ಅಂದರು. ಆ ಪೈಪಿನಲ್ಲಿದ್ದದ್ದೂ ನೀರೇ ತಾನೆ? ಬಗ್ಗಿಸಿ ಮೋರಿಗೆ ಚೆಲ್ಲಿ, ತೊಳೆದು, ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದರು. ತೆಗೆದ ಕೊಳವೆಗಳನ್ನೂ ಮೊದಲಿದ್ದ ಹಾಗೇ ಸಿಕ್ಕಿಸಿದರು, ಅಷ್ಟು ಅಚ್ಚುಕಟ್ಟು. ತೊಳೆಯಲೆಂದು ದರ್ಭೆ ಹಾಕಿ ತೆಗೆದಿಟ್ಟಿದ್ದ ಒಂದೇ ಕೊಡದಲ್ಲಿ ಮಿಕ್ಕಿದ್ದ ನೀರಿನಲ್ಲೇ ಸ್ನಾನ ಮುಗಿಸಿ, ಅದನ್ನೂ ಬೋರಲು ಹಾಕಿ ಗವಿಪುರದ ಗುಡಿಗೆ ಹೊರಟರು. ಗ್ರಹಣ ಬಿಟ್ಟ ದಿನ ಅಣ್ಣ ಸ್ನಾನ, ಪೂಜೆ ಆಗದೆ ಮಣೆಗೆ ಕೂರುವವನಲ್ಲ. ಅಷ್ಟರಲ್ಲಿ ನಲ್ಲಿಯೂ ಬರುತ್ತದೆ, ತಾವೂ ಬರುತ್ತೇವೆ ಎಂಬ ಲೆಕ್ಕ ಅವರದು.

ಅವನು ಆವತ್ತು ಮಾತ್ರ ಕೂತ. ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದ. "ಅವಳು ಬರೋದ್ರೊಳ್ಗೆ ಮೂಗು ಕೂರಿಸ್ಬಿಡ್ತೀನಿ ಕಣೇ. ಹೇಳ್ಬೇಡ."

"ಕೂರ್ಸು, ಕೂರ್ಸು. ನಾನ್ಯಾಕೆ ಹೇಳ್ಲಿ," ಅಂದೆ, ತಲೆ ಬಾಚಿಕೊಳ್ಳುತ್ತಾ.

ದಿನಾ ಮಹಡಿಯವರೆಗೂ ಕೇಳುತ್ತಿದ್ದ ಗುಳುಗುಳು ಆವತ್ತು ಇರಲಿಲ್ಲ. ಟ್ರಾನ್ಸ್‌ಫಾರ್ಮರಿನ ಗುಂಯ್ ಮಾತ್ರ. ನನ್ನ ಕಿವಿಗೆ ಅದು ಬಿದ್ದಿರಲೇಬೇಕು. ನಾನು ಹೆರಳು ಹಾಕುತ್ತಿದ್ದೆ.

ಸದ್ದು ಪಟಾಕಿಯಂತಿರಲಿಲ್ಲ. ದೊಡ್ಡ ಬಾಗಿಲೊಂದನ್ನು ಯಾರೋ ಸಿಟ್ಟಿನಿಂದ ಹಾಕಿದ ಹಾಗಿತ್ತು. ಇಳಿದು ಬಂದಾಗ ಅಣ್ಣ ಗೋಡೆಗೆ ಒರಗಿ ಕೂತು ಎರಡು ಕೈಯಲ್ಲೂ ಬಲಗಣ್ಣು ಮುಚ್ಚಿಕೊಂಡಿದ್ದ. ಉರಿ ತಗ್ಗಿಸಲು ಬಗ್ಗಿ ಡಬ್ಬದ ತಿರುಪಿಗೆ ಕೈ ಹಾಕಿದ್ದನಂತೆ. ತಗ್ಗಿದ ಉರಿ ಕೊಳವೆಯೊಳಗೆ ನುಗ್ಗಿದೆ. ಬರಿಯ ಪೈಪನ್ನು ದಾಟಿ ಡಬ್ಬಕ್ಕೆ ಹೋಗಿದೆ. ಡಬ್ಬ ಒಡೆದು ಕ್ಷಾರ ಅವನ ಮುಖಕ್ಕೆ ರಾಚಿದೆ. ಸಿಡಿದು ಬಾಗಿಲಲ್ಲಿ ಬಿದ್ದಿದ್ದ ಡಬ್ಬದ ಮುಚ್ಚಳಕ್ಕೆ ಒಂದೆಳೆ ದರ್ಭೆ ಅಂಟಿಕೊಂಡೇ ಇತ್ತು. ಕ್ಷಾರವನ್ನು ಚೆಲ್ಲುವ ಹಾಗಿಲ್ಲವಲ್ಲ, ಅದಕ್ಕೆ ಅತ್ತಿಗೆ ಅದನ್ನು ಉಪ್ಪಿನಕಾಯಿಯ ಲೆಕ್ಕದಲ್ಲಿ ಹಿಡಿದಿದ್ದರು.

ಕಣ್ಣಿಗೆ ಕ್ಷಾರ ಬಿದ್ದರೆ ಏನು ಮಾಡಬೇಕೆಂದು ನಾನು ಮೂವತ್ತು ವರ್ಷ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆ. ನೀರು, ತಕ್ಷಣ, ಧಾರೆಯಾಗಿ, ನಿಲ್ಲಿಸದೆ. ಬಚ್ಚಲಿಗೆ ಓಡಿದೆ. ಹಂಡೆ ಬೋರಲು. ಅಡುಗೆಮನೆಯಲ್ಲಿ ಕೊಡಗಳು ತೊಳೆದು ಸಾಲಾಗಿ ಬೋರಲು. ನಲ್ಲಿ ತಿರುಗಿಸಿದರೆ ಉಸ್ಸೆಂದು ಗಾಳಿ. ಮಹಡಿಗೆ ಓಡಿ ಹಾಸಿಗೆಯ ಪಕ್ಕದಲ್ಲಿದ್ದ ಕುಡಿಯುವ ಬಾಟಲಿ ತಂದು ಸುರಿದೆ. ಅದು ಎಷ್ಟು ಹೊತ್ತು? "ಉರಿ, ಉರಿ ಕಣೇ" ಅನ್ನುತ್ತಿದ್ದ. ಪಕ್ಕದ ಮನೆಯ ಬಾಗಿಲು ಬಡಿದರೆ ಆಕೆಯೂ ಆಗಷ್ಟೇ ಎಲ್ಲ ಚೆಲ್ಲಿ ಕೂತಿದ್ದಳು. ಕೊನೆಗೆ ಮೂಲೆ ಅಂಗಡಿಯವನು ದೊಡ್ಡ ನೀರಿನ ಕ್ಯಾನು ಹೆಗಲ ಮೇಲೆ ಹೊತ್ತು ಓಡಿ ಬಂದ. ಅಷ್ಟರಲ್ಲಿ ಕಣ್ಣು ಬೆಳ್ಳಗಾಗಿತ್ತು, ಬೇಯಿಸಿದ ಮೊಟ್ಟೆಯ ಹಾಗೆ.

ಆಟೋ ಹತ್ತಿಸುವಾಗ ಅತ್ತಿಗೆ ಬೀದಿಯ ತಿರುವಿನಲ್ಲಿ ಬರುತ್ತಿದ್ದರು. ಕೈಯಲ್ಲಿ ಹೂವು, ಸಣ್ಣ ತಂಬಿಗೆಯಲ್ಲಿ ತೀರ್ಥ. ಅವರ ಕೈಯಿಂದ ತಂಬಿಗೆ ಕಸಿದುಕೊಂಡು ಅಣ್ಣನ ಕಣ್ಣಿಗೆ ಸುರಿದೆ.

ಆಸ್ಪತ್ರೆಯಲ್ಲಿ ಎಡಗಣ್ಣು ಉಳಿಸಿದರು.

ಮೂರನೆಯ ದಿನ ಮುಖವಾಡದ ಯಜಮಾನರು ಮನೆಗೆ ಬಂದರು. ಈ ಸಲ ತಮಾಷೆಯಿಲ್ಲ. "ದೇವ್ರ ಕೆಲ್ಸದಾಗೇ ಹಿಂಗಾಯ್ತಲ್ಲ ಸ್ವಾಮಿ. ಬೇಜಾರ್ ಮಾಡ್ಕಬೇಡಿ. ಮೂಗು ಬೇರೆ ಕಡೆ ಹಾಕಿಸ್ಕತೀವಿ," ಎಂದು ಮೂಗಿಲ್ಲದ ಮುಖವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಅಣ್ಣ ಬಿಡಿ ಮೂಗನ್ನು ತನ್ನ ಕೈಯಾರೆ ಅವರಿಗೆ ಕೊಟ್ಟ.

ಆರು ತಿಂಗಳ ಮೇಲೆ ಅವನು ಮತ್ತೆ ಮಣೆಗೆ ಕೂತ. ಉರಿ ಹತ್ತಿಸಲಿಲ್ಲ. ಒಂದು ಕಾಲುಂಗುರದ ಸಂದಿಗೆ ಬೆಸುಗೆಯ ಚೂರು ಇಡಲು ನೋಡಿದ. ಚಿಮಟ ಸಂದಿನ ಆಚೆಗೆ ಹೋಯಿತು. ಮತ್ತೆ ಇಟ್ಟ, ಈಚೆಗೆ ಬಂತು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ. ಇಪ್ಪತ್ತು ಸಲವಾದರೂ ಇಟ್ಟಿರಬೇಕು. ನಾನೂ ಅತ್ತಿಗೆಯೂ ಬಾಗಿಲಲ್ಲಿ ನಿಂತಿದ್ದೆವು. ಆಮೇಲೆ ಅವನು ಚಿಮಟಗಳನ್ನು ಉದ್ದದ ಪ್ರಕಾರ ಜೋಡಿಸಿ ಪೆಟ್ಟಿಗೆಗೆ ಹಾಕಿದ.

ಎದೆಯ ಡಾಕ್ಟರು ಹೊಸ ಫೋಟೋ ನೋಡಿ ಖುಷಿಪಟ್ಟರು. "ನೋಡಿದ್ರಾ, ಊದೋದು ಬಿಟ್ಟಿದ್ದಕ್ಕೆ ಎಷ್ಟು ಚೆನ್ನಾಗಾಗಿದೆ. ಇನ್ನೂ ಇಪ್ಪತ್ತು ವರ್ಷ ಯೋಚನೆ ಇಲ್ಲ." ಅಣ್ಣ ಕೈಮುಗಿದು ಎದ್ದು ಬಂದ.

ಬೀದಿಯವರೆಲ್ಲ ಅತ್ತಿಗೆಯ ಕಡೆ ಬೆರಳು ತೋರಿಸಿದರು. ಎಷ್ಟೋ ದಿನ ನಾನೇ ಹೇಳಿದೆ, "ತಪ್ಪು ನಿಮ್ದಲ್ಲ ಅತ್ತಿಗೆ, ಬರೀ ನೀರು ಅಂದೋಳು ನಾನು." ಅವರು ಸೊಪ್ಪು ಬಿಡಿಸುತ್ತಿದ್ದರು. ಒಂದು ಮಧ್ಯಾಹ್ನ ತಟ್ಟೆ ಪಕ್ಕಕ್ಕಿಟ್ಟು ಕೇಳಿದರು.

"ಎಷ್ಟೋ ಹುಡುಗೀರಿಗೆ ಹೇಳ್ಕೊಟ್ಟೋಳು ನೀನು. ಆ ನೀರು ಅಲ್ಲಿ ಯಾಕಿದೆ ಅಂತ ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ? ನಾನೇನು ಗೂಬೆನಾ?"

ಅವತ್ತು ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ಎಲ್ಲವನ್ನೂ ಹೇಳಿದೆ. ತಗಡು, ಸಂದು, ಎರಡು ವೋಲ್ಟು, ಬಿಸಿಯ ದಂಡ, ಎಂಟು ಪಾವು. ಪೈಪಿನ ನೀರು ಬೆಂಕಿಗೆ ಹೇಗೆ ಅಡ್ಡಬಾಗಿಲು ಎಂಬುದನ್ನೂ ಹೇಳಿದೆ. ಅವರು ಚಿತ್ರದ ಮೇಲೆ ಬೆರಳಿಟ್ಟು ಡಬ್ಬದಿಂದ ಪೈಪಿಗೆ, ಪೈಪಿನಿಂದ ಟಾರ್ಚಿಗೆ ಎರಡು ಸಲ ಎಳೆದರು. ಪೈಪಿನ ಹತ್ತಿರ ಬೆರಳು ನಿಂತಿತು.

"ಬಾಗಿಲು ಅಂತೀಯ. ಒಂದೇ ಇಟ್ಟೆ ಯಾಕೆ? ಇನ್ನೊಂದು ಪೈಪು ಇಲ್ಲೇ ಹಿಂದೆ ಇಟ್ಟಿದ್ರೆ? ಗ್ರಹಣ ಗೊತ್ತಿರೋ ಮನೆ ಇದು. ನಾನು ಎರಡನ್ನೂ ಚೆಲ್ತಿದ್ದೆ ಅನ್ನು. ಆದ್ರೆ ಎರಡನೇದನ್ನ ಡಬ್ಬದ ಜೊತೆ ಸೇರಿಸಿ ಮುಚ್ಚಿ, ಇದೂ ಮುಟ್ಬೇಡಿ ಅಂದಿದ್ರೆ, ಮುಟ್ತಾ ಇರ್ಲಿಲ್ಲ."

ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಎರಡನೆಯ ಪೈಪು ನಾನು ಕತ್ತರಿಸಿಟ್ಟಿದ್ದೆ. ಡಬ್ಬದ ಬದಿಗೇ ಜೋಡಿಸಿಯೂ ನೋಡಿದ್ದೆ. ಗಾಳಿ ಎರಡೆರಡು ನೀರು ದಾಟಬೇಕಾದಾಗ ಒತ್ತಡ ಸ್ವಲ್ಪ ಕುಗ್ಗುತ್ತದೆ. ಉರಿ ಮೊದಲಿನ ಹಾಗೆ ನೆಟ್ಟಗೆ ನಿಲ್ಲಲಿಲ್ಲ. ನಿಮಿಷಕ್ಕೆ ಏಳೂವರೆ ಪಾವು ಬಂತು. ಅರ್ಧ ಪಾವಿಗಾಗಿ ಅದನ್ನು ಬಿಚ್ಚಿಟ್ಟೆ.

"ಇಟ್ಟಿದ್ದೆ ಅತ್ತಿಗೆ," ಅಂದೆ. "ಉರಿ ಕಮ್ಮಿ ಆಯ್ತು ಅಂತ ತೆಗೆದೆ."

"ಎಷ್ಟು ಕಮ್ಮಿ ಆಯ್ತು?"

ಹೇಳಿದೆ.

ಅತ್ತಿಗೆ ಎದ್ದು ಹೋಗಿ ಅಕ್ಕಿ ಡಬ್ಬದಿಂದ ಪಾವು ತಂದರು. ಅದಕ್ಕೆ ಅರ್ಧದವರೆಗೆ ಅಕ್ಕಿ ಹಾಕಿ ನನ್ನೆದುರು ನೆಲದ ಮೇಲಿಟ್ಟು, ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತರು. ಆಮೇಲೆ ರಾತ್ರಿಯ ಅನ್ನಕ್ಕೆಂದು ಅದನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸತೊಡಗಿದರು. ನಾನೂ ಕೈ ಹಾಕಿದೆ. ಬೇಡ ಅನ್ನಲಿಲ್ಲ.